ನಲವತ್ತು ತೋರಿಸಿದ ಗೋಡೆ

ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದುವುದು, ಹಿಂಡುವುದು, ಗೋಡೆಗೆ ಒತ್ತಿ ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆಯುವುದು, ಮಡಚಿ ಇನ್ನೊಂದು ಮಗ್ಗುಲಿನಿಂದ ಮತ್ತೆ ಎಳೆಯುವುದು. ಬೆಳಿಗ್ಗೆ ಎಂಟರಿಂದ ನಾನೂ ಫಕ್ಕೀರಪ್ಪ ಕಾಕಾನೂ ಇದನ್ನೇ ಮಾಡುತ್ತಿದ್ದೆವು. ಮಾತಿಲ್ಲ. ಬೂಷ್ಟು ಒರೆಸುವಾಗ ಬಾಯಿ ತೆರೆಯಬಾರದು ಎಂಬುದು ನಮ್ಮ ಕಂಪನಿಯ ಮೊದಲ ನಿಯಮ. ಗಿರಾಕಿಯ ಎದುರು ಮೈ ಕೆರೆದುಕೊಳ್ಳಬಾರದು ಎಂಬುದು ಎರಡನೆಯದು. ಮೂರನೆಯ ನಿಯಮವನ್ನು ಕಾಕಾ ಇನ್ನೂ ಯೋಚಿಸುತ್ತಿದ್ದಾನೆ.

ಕಂಪನಿ ಎಂದರೆ ನಾವಿಬ್ಬರೇ. ಇಪ್ಪತ್ತು ವರ್ಷ ಹಾನಗಲ್ಲಿನಲ್ಲಿ ಮನೆಗಳಿಗೆ ಸುಣ್ಣಬಣ್ಣ ಹಚ್ಚಿಕೊಂಡಿದ್ದ ಕಾಕಾ ಹೋದ ವರ್ಷ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಒಂದೂವರೆ ದಿನದ ತರಬೇತಿ ಮುಗಿಸಿ ಬಂದ. ಬರುವಾಗ ಒಂದು ಸರ್ಟಿಫಿಕೇಟು, ತಲೆಯಿಂದ ಪಾದದವರೆಗೆ ಒಂದೇ ಆಗಿ ಹೊಲಿದ ಎರಡು ಬಿಳಿ ಉಡುಪು ಮತ್ತು ಗೋಡೆಯ ತೇವ ಅಳೆಯುವ ಒಂದು ಸಣ್ಣ ಮಷೀನು ತಂದ. ಅಂದಿನಿಂದ ಯಾರಾದರೂ 'ಸುಣ್ಣದ ಫಕ್ಕೀರಪ್ಪ' ಎಂದು ಕರೆದರೆ ಅವನಿಗೆ ಕಿವಿ ಕೇಳಿಸುವುದಿಲ್ಲ. 'ಬೂಷ್ಟು ನಿರ್ಮೂಲನಾ ತಜ್ಞರು: ಮನೆ, ಅಂಗಡಿ, ಗೋದಾಮು' ಎಂದು ಬ್ಯಾನರು ಮಾಡಿಸಿದ. ಕೆಳಗೆ ಸಣ್ಣ ಅಕ್ಷರದಲ್ಲಿ ತಾಂತ್ರಿಕ ಸಹಾಯಕಿ ತನುಜಾ ಎಂದಿದೆ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅಷ್ಟು ದೊಡ್ಡ ಹೆಸರು ಬೇಡವೆಂದು ನಾನು ಹೇಳಬೇಕೆಂದಿದ್ದೆ. ಹೇಳುವಷ್ಟರಲ್ಲಿ ಬ್ಯಾನರು ಕಟ್ಟಿಯಾಗಿತ್ತು.

ಆ ದಿನ ನಾವು ಇದ್ದದ್ದು ಸವಣೂರಿನಲ್ಲಿ, ವೀರವ್ವನವರ ಮನೆಯ ಬಾಣಂತಿ ಖೋಲಿಯಲ್ಲಿ. ಅವರ ಮಗಳು ಜಯಶ್ರೀಗೆ ಚೊಚ್ಚಲ ಹೆರಿಗೆಯಾಗಿ ಹತ್ತು ದಿನವಾಗಿತ್ತು. ಕೂಸಿಗೆ ಉಸಿರಾಟದ ತೊಂದರೆ ಇದ್ದುದರಿಂದ ತಾಯಿ ಮಗು ಇಬ್ಬರನ್ನೂ ಹಾವೇರಿಯ ದವಾಖಾನೆಯಲ್ಲೇ ಇಟ್ಟುಕೊಂಡಿದ್ದರು. ಆವತ್ತು ಸಂಜೆ ನಾಲ್ಕಕ್ಕೆ ಮನೆಗೆ ಕಳಿಸುವುದಿತ್ತು. ಆದರೆ ಡಾಕ್ಟರಮ್ಮ ಫೋನಿನಲ್ಲಿ ಖೋಲಿಯ ಫೋಟೋ ನೋಡಿ, ತಿಜೋರಿಯ ಹಿಂದಿನ ಕಪ್ಪು ಕಲೆಗಳನ್ನು ಬೆರಳಿನಿಂದ ಹಿಗ್ಗಿಸಿ, ಈ ಬೂಷ್ಟಿನಲ್ಲಿ ಕೂಸನ್ನು ಮಲಗಿಸಿದರೆ ಎಂಟು ದಿನದಲ್ಲಿ ಮತ್ತೆ ಇಲ್ಲಿಗೇ ತರುತ್ತೀರಿ, ಖೋಲಿ ಒಣಗಿರಬೇಕು, ಗಾಳಿ ಆಡಬೇಕು ಎಂದು ಚೀಟಿಯಲ್ಲೇ ಬರೆದುಕೊಟ್ಟಿದ್ದರು. ಇದನ್ನು ಕೇಳಿದ ಬೀಗರು, ತವರಿನಲ್ಲಿ ಒಣಗಿದ ಖೋಲಿ ಇಲ್ಲದಿದ್ದರೆ ಕೂಸನ್ನೂ ಸೊಸೆಯನ್ನೂ ಹಿರೇಕೆರೂರಿಗೆ ಕರೆದೊಯ್ಯುತ್ತೇವೆ ಎಂದು ಬಹಳ ಮೃದುವಾಗಿ ಹೇಳಿದ್ದರು. ಚೊಚ್ಚಲ ಬಾಣಂತನ ಅತ್ತೆಯ ಮನೆಯಲ್ಲಿ ಆಯಿತೆಂದರೆ ವೀರವ್ವ ಓಣಿಯಲ್ಲಿ ತಲೆಯೆತ್ತುವ ಹಾಗಿಲ್ಲ. ಅವರು ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬಾಗಿಲಿಗೆ ಬಂದು, ಗೋಡೆ ನೋಡಿ, ಗಡಿಯಾರ ನೋಡಿ, ನನ್ನ ಮುಖ ನೋಡಿ ಹೋಗುತ್ತಿದ್ದರು. ಕಾಕಾನ ಮುಖ ಅವರು ನೋಡುತ್ತಿರಲಿಲ್ಲ. ತಿಳಿದ ಹೆಂಗಸು.

ಹನ್ನೊಂದು ಗಂಟೆಗೆ ಮೂರು ಗೋಡೆ ಮುಗಿದವು. ನಾಲ್ಕನೆಯದರ ಮೂಲೆ ಮಾತ್ರ ಎಷ್ಟು ಒರೆಸಿದರೂ ಬೆವರುತ್ತಿತ್ತು. ಕಾಕಾ ಆಗ ಮಷೀನು ತೆಗೆದ. ಅದಕ್ಕೆ ಮುಂದೆ ಎರಡು ಮೊಳೆಗಳಿವೆ. ಗೋಡೆಗೆ ಚುಚ್ಚಿದರೆ ತೇವ ಎಷ್ಟೆಂದು ಅಂಕಿ ತೋರಿಸುತ್ತದೆ. ಹೆಚ್ಚಿದ್ದರೆ ಕೀಂ ಕೀಂ ಎಂದು ಕೂಗುತ್ತದೆ. ಎದೆಯ ಮಟ್ಟದಲ್ಲಿ ಹದಿನಾರು ತೋರಿಸಿತು. ಮೊಣಕಾಲಿನ ಹತ್ತಿರ ಇಪ್ಪತ್ತೆಂಟು. ನೆಲಕ್ಕೆ ತಾಗಿಸಿದಾಗ ಹಸಿದ ಕೂಸಿನಂತೆ ಚೀರಿತು.

ಬಾಗಿಲಲ್ಲಿ ವೀರವ್ವನವರ ಗಂಡ ಮಲ್ಲೇಶಪ್ಪ ನಿಂತಿದ್ದರು. ಎರಡು ವರ್ಷದ ಹಿಂದೆ ಇವರು ಹಿತ್ತಲಲ್ಲಿ ಐದುನೂರು ಅಡಿ ಬೋರು ಕೊರೆಸಿ, ಐದುನೂರು ಅಡಿಯ ಧೂಳು ಕಂಡವರು. ಅಂದಿನಿಂದ ಅವರ ಎದುರು ಯಾರೂ ನೀರಿನ ಮಾತು ತೆಗೆಯುವುದಿಲ್ಲ.

"ಏನ ತೋರಸಾಕತ್ತೈತ್ರಿ ಅದು?" ಎಂದರು.

"ನೀರ್ರಿ," ಎಂದ ಕಾಕಾ, ತಜ್ಞನ ಗಂಭೀರ ದನಿಯಲ್ಲಿ. "ಕೆಳಗ ಹೋದಂಗ ಹೆಚ್ಚ ಅದಾವು."

"ಎಷ್ಟಕ್ಕ ಅದಾವು?"

"ನಲವತ್ತ."

ಮಲ್ಲೇಶಪ್ಪ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಳ್ಳದೆ ಬೀದಿಗೆ ನಡೆದರು. ನಲವತ್ತು ಎಂದರೆ ತೇವದ ಅಂಕಿ. ಅವರ ಲೆಕ್ಕದಲ್ಲಿ ಅದು ನಲವತ್ತು ಅಡಿ.

ಇದರಲ್ಲಿ ಅವರ ತಪ್ಪು ಬಹಳ ಇಲ್ಲ. ನಮ್ಮ ಕಡೆ ನೀರು ತೋರಿಸುವವರು ಬಗೆಬಗೆಯವರಿದ್ದಾರೆ. ಒಬ್ಬ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ತಿರುಗುತ್ತಾನೆ. ಇನ್ನೊಬ್ಬ ಬೇವಿನ ಕವಲು ಹಿಡಿಯುತ್ತಾನೆ. ಆದರೆ ಎಲ್ಲರೂ ಬಿಳಿ ಬಟ್ಟೆ ಹಾಕುತ್ತಾರೆ, ನೀರು ನೋಡುವಾಗ ಯಾರೊಡನೆಯೂ ಮಾತಾಡುವುದಿಲ್ಲ, ನೀರಿರುವ ಜಾಗ ಬಂದರೆ ಕೈಯಲ್ಲಿರುವುದು ಅಲುಗುತ್ತದೆ. ಕಾಕಾ ತಲೆಯಿಂದ ಪಾದದವರೆಗೆ ಬಿಳಿ ತೊಟ್ಟಿದ್ದ. ಬೆಳಗಿನಿಂದ ಮಾತಾಡಿರಲಿಲ್ಲ. ಅವನ ಕೈಯಲ್ಲಿದ್ದದ್ದು ಬರೀ ಅಲುಗುವುದಲ್ಲ, ಕೂಗುತ್ತಿತ್ತು.

ಅರ್ಧ ತಾಸಿನೊಳಗೆ ಪಡಸಾಲೆಯಲ್ಲಿ ಹತ್ತು ಜನ. ಮುಂದೆ ನಿಂತವನು ಬಾಜೂ ಮನೆಯ ಹಯಾತ, ಊರ ಹೊರಗೆ ಎಲೆತೋಟ ಇಟ್ಟವನು. ತನ್ನ ತೋಟಕ್ಕೂ ಒಂದು ಸಲ ಬಂದು ಹೋಗಬೇಕೆಂದು ಕೈ ಮುಗಿದ. ಕಾಕಾನಿಗೆ ಆಗ ವಿಷಯ ತಿಳಿಯಿತು. ತಿಳಿದ ಮೇಲೆ ಅವನು ನಿಜವನ್ನೇ ಹೇಳಿದ ಎಂಬುದಕ್ಕೆ ನಾನೇ ಸಾಕ್ಷಿ.

"ನಂದೇನಿಲ್ರಿ ಇದರಾಗ," ಎಂದ. "ಮಷೀನ ಹೇಳತೈತಿ, ನಾ ಓದ್ತೇನಿ, ಅಷ್ಟ. ನಾ ಬೂಷ್ಟ ತಗಿಯಾಂವ."

ಹಯಾತ ಹಿಂದಿರುಗಿ ಉಳಿದವರಿಗೆ, "ಕೇಳಿದ್ರಿಲ್ಲ? ಖರೇ ನೀರ ತೋರಸಾಂವ ಎಂದೂ ನಂಗ ಗೊತ್ತೈತಿ ಅನ್ನೂದಿಲ್ಲ. ಗೊತ್ತೈತಿ ಅಂದಾಂವ ನನ್ನ ಕಡೆ ಎರಡ ಬೋರ ಹೊಡಿಸಿ ಹೋದ," ಎಂದ. ಹತ್ತೂ ಜನ ತಲೆ ಆಡಿಸಿದರು.

ಕಾಕಾ ಎರಡನೆಯ ಸಲವೂ ಅಲ್ಲವೆಂದ. ಆಗ ಅವರ ಗೌರವ ಇಮ್ಮಡಿಯಾಯಿತು. ಮೂರನೆಯ ಸಲ ಅನ್ನಬೇಕೆಂದು ಬಾಯಿ ತೆರೆಯುವಾಗ ಯಾರೋ ಕುರ್ಚಿ ತಂದರು, ಯಾರೋ 'ಸರ' ಎಂದರು. ಇಪ್ಪತ್ತು ವರ್ಷ ಏಣಿಯ ಮೇಲೆ ನಿಂತವನಿಗೆ ಕುರ್ಚಿ ಹಾಕಿ ಸರ ಎಂದರೆ ಬಾಯಿ ಮುಚ್ಚಿಕೊಳ್ಳುವುದು ಸಹಜ. ಒಂದು ತಾಸಿನಲ್ಲಿ ಬಂದೆ, ಮೂಲೆ ಒರೆಸುತ್ತಿರು ಎಂದು ನನಗೆ ಹೇಳಿ ಹಯಾತನ ಗಾಡಿಯ ಹಿಂದೆ ಕುಳಿತ. ಮಷೀನನ್ನು ಎದೆಗೆ ಒತ್ತಿ ಹಿಡಿದಿದ್ದ.

ನಾನು ಒರೆಸಿದೆ. ಮೂಲೆ ಬೆವರಿತು. ಮತ್ತೆ ಒರೆಸಿದೆ. ಒರೆಸುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನೆಲದ ತೇವ ಏರಿದರೆ ಗೋಡೆಯ ಉದ್ದಕ್ಕೂ ಏರುತ್ತದೆ. ಇದು ಮೂಲೆಯಲ್ಲಿ ಒಂದು ಗೇಣಗಲ ಮಾತ್ರ ಇತ್ತು. ಹೊರಗೆ ಹೋಗಿ ಮೇಲೆ ನೋಡಿದೆ. ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿ ಅದೇ ಮೂಲೆಯ ನೆತ್ತಿಯ ಮೇಲಿತ್ತು. ಪೈಪು ಗೋಡೆಯೊಳಗೆ ಇಳಿದು ನೆಲದ ಕೆಳಗಿನಿಂದ ಅಡಿಗೆಮನೆಗೆ ಹೋದ ಹಾಗೆ ಕಾಣುತ್ತಿತ್ತು. ಇದನ್ನು ಮಲ್ಲೇಶಪ್ಪನವರಿಗೆ ಹೇಳಬೇಕೆಂದು ಪಡಸಾಲೆಗೆ ಹೋದೆ. ಅವರು ಫೋನಿನಲ್ಲಿ ಶಿಗ್ಗಾವಿಯ ನೆಂಟರಿಗೋ ಯಾರಿಗೋ, ನಲವತ್ತು ಅಡಿಗೆ, ಅದೂ ಮನೆಯ ಒಳಗೆ ಎಂದು ಕೂಗಿ ಹೇಳುತ್ತಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವರು ನನ್ನನ್ನು ನೋಡಿ, ಚಹಾ ಬೇಕೇನು ತಂಗಿ ಎಂದು ಕೇಳಿ ಮತ್ತೆ ಫೋನಿಗೆ ಹೋದರು. ನಾನು ಬೇಡವೆಂದು ತಲೆಯಾಡಿಸಿ ತಿರುಗಿ ಬಂದೆ. ಪೈಪಿನ ಮಾತು ಹೇಳದೆಯೇ ಮತ್ತೆ ಬಟ್ಟೆ ಹಿಂಡಿದೆ.

ಆಮೇಲೆ ತಿಳಿದದ್ದು: ಹಯಾತನ ಎಲೆತೋಟದಲ್ಲಿ ಮಷೀನು ಬಳ್ಳಿ ಬಳ್ಳಿಗೆ ಕೂಗಿತು. ಕೂಗದೆ ಏನು ಮಾಡೀತು; ಬೆಳಿಗ್ಗೆಯಷ್ಟೇ ತೋಟಕ್ಕೆ ನೀರು ಹಾಯಿಸಿದ್ದರು. ಅಲ್ಲಿಂದ ವಾರ್ಡಿನ ಮೆಂಬರ್ ಬಸವೇಶ ಕಾಕಾನನ್ನು ಹಿಡಿದುಕೊಂಡರು. ವಾರ್ಡಿಗೆ ಒಂದು ಬೋರು ಮಂಜೂರಾಗಿತ್ತು, ಜಾಗ ಗೊತ್ತಾಗಿರಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕಾಕಾನನ್ನು ನಡೆಸಿದರು. ಕಾಂಕ್ರೀಟಿಗೆ, ಕಲ್ಲಿಗೆ, ಗುಡಿಯ ಕಟ್ಟೆಗೆ ಚುಚ್ಚಿಸಿದರು. ಒಣಗಿದ ಜಾಗದಲ್ಲಿ ಮಷೀನು ಒಂಬತ್ತು ಎಂದಿತು, ಹತ್ತು ಎಂದಿತು, ಒಂದು ಸಲವೂ ಕೂಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮಷೀನು ಸುಳ್ಳು ಎಂದು ಮನೆಗೆ ಹೋಗುತ್ತಿದ್ದರು. ಬಸವೇಶರು ರಾಜಕೀಯದವರು, ಬೇರೆ ರೀತಿ ಯೋಚಿಸಿದರು. ಇಡೀ ಓಣಿಯ ನೀರು ಮಲ್ಲೇಶಪ್ಪನವರ ಖೋಲಿಯ ಕೆಳಗೆ ಹೋಗಿ ಕೂತಿದೆ ಎಂದರು.

ಎರಡು ಗಂಟೆಗೆ ಕಾಕಾ ತಿರುಗಿ ಬಂದ. ಹೋಗುವಾಗ ಹಯಾತ ಒಬ್ಬನೇ ಜೊತೆಗಿದ್ದ, ಬರುವಾಗ ಹಿಂದೆ ಮೂವತ್ತು ಜನ. ಕೊರಳಲ್ಲಿ ಒಂದು ಮಾಲೆ. ಇಬ್ಬರ ಹೆಗಲ ಮೇಲೆ ಗುದ್ದಲಿ, ಒಬ್ಬನ ಕೈಯಲ್ಲಿ ಹಾರೆ. ಕಾಕಾ ನನ್ನ ಕಡೆ ನೋಡಿದ. ಅವನ ಕಣ್ಣನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಏಣಿ ಜಾರುವ ಮೊದಲು ಅವು ಹಾಗೆ ಆಗುತ್ತವೆ.

ವೀರವ್ವ ಬಾಗಿಲಿಗೆ ಅಡ್ಡ ನಿಂತರು.

"ನನ್ನ ಮಗಳ ಹೊರಸ ಹಾಕೋ ಜಾಗಾದಾಗ ಬಾಂವಿ ತೋಡ್ತೀರೇನ? ನಾಕಕ್ಕ ಕೂಸ ಬರತೈತಿ. ಎಲ್ಲಿ ಮಲಗಸ್ಲಿ, ನಿಮ್ಮ ಗುದ್ದಲಿ ಮ್ಯಾಲ?"

ಬಸವೇಶರು ಬಹಳ ನಯವಾಗಿ, ಎರಡೇ ಅಡಿ ಬಗೆದು ನೋಡುತ್ತೇವೆ, ಹಸಿ ಮಣ್ಣು ಬಂದರೆ ನೆಲದ ಫರಸಿಕಲ್ಲು ಮುಚ್ಚಿ ಹೋಗುತ್ತೇವೆ, ಬೋರಿನ ಗಾಡಿ ಮುಂದಿನ ವಾರ ಎಂದರು. ಮುಂದಿನ ವಾರ ಬೋರಿನ ಗಾಡಿ ಬಾಣಂತಿ ಖೋಲಿಯೊಳಗೆ ಹೇಗೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಮಲ್ಲೇಶಪ್ಪ ಹೆಂಡತಿಯನ್ನು ಸಮಾಧಾನ ಮಾಡಿದರು.

"ಬಾಣಂತಿಗೆ ದಿನಾ ಎರಡ ಹಂಡೆ ನೀರ ಬೇಕ. ಖೋಲಿಯಾಗ ಬಂದ್ರ ಹೊರೂದ ತಪ್ಪತೈತಿ. ವಿಚಾರ ಮಾಡು."

ವೀರವ್ವ ಗಂಡನನ್ನು ನೋಡಿದ ನೋಟಕ್ಕೆ ಆ ಮೂಲೆಯ ಬೂಷ್ಟು ತಾನಾಗಿ ಉದುರಬೇಕಿತ್ತು. ಆದರೆ ಅಷ್ಟರಲ್ಲಿ ಹಾರೆ ಹಿಡಿದವನು ಬಗ್ಗಿ ಒಳಗೆ ನುಸುಳಿದ್ದ. ನಾನು ಕಾಕಾನ ತೋಳು ಜಗ್ಗಿ, ಅದು ಟ್ಯಾಂಕಿಯ ಪೈಪು ಇರಬೇಕು ಎಂದು ಕಿವಿಯಲ್ಲಿ ಹೇಳಿದೆ. ಕಾಕಾ ಮಾಲೆ ಸರಿಪಡಿಸಿಕೊಂಡು, ಈಗ ಹೆಂಗ ಹೇಳ್ಲಿ ತನು, ಮೂವತ್ತ ಮಂದಿ ಅದಾರ ಎಂದು ಅಷ್ಟೇ ಮೆತ್ತಗೆ ಹೇಳಿದ.

ಫರಸಿಕಲ್ಲು ಎದ್ದಿತು. ಮೊದಲ ಗೇಣಿಗೆ ಕಪ್ಪು ಹಸಿ ಮಣ್ಣು. ಜನ ಒಬ್ಬರ ಭುಜದ ಮೇಲೆ ಒಬ್ಬರು ಬಗ್ಗಿದರು. ನಾನು ಬೆಳಗಿನಿಂದ ಒರೆಸಿದ ಮೂರು ಗೋಡೆಗಳಿಗೆ ಮೂವತ್ತು ಜನರ ಬೆನ್ನು ಒರಗಿದವು. ಎರಡನೆಯ ಗೇಣಿಗೆ ಮಣ್ಣು ಕೆಸರಾಯಿತು. ಗುದ್ದಲಿಯವನು ಇನ್ನೊಂದು ಏಟು ಹಾಕಿದ, ಕೆಸರನ್ನು ಎರಡೂ ಕೈಯಿಂದ ಎತ್ತಿ ಹಾಕಿದ. ನೀರು ಬುಳಬುಳನೆ ಬಂತು.

ಆಮೇಲಿನ ಐದು ನಿಮಿಷ ನಡೆದದ್ದನ್ನು ನಾನು ಗೋಡೆಗೆ ಅಂಟಿಕೊಂಡು ನೋಡಿದೆ. ಓಣಿಯ ಹಿರಿಯಳು ಗುತ್ತೆವ್ವ, ಕೂಸಿಗೂ ಬಾಣಂತಿಗೂ ನೀರೆರೆಯಲು ಗೊತ್ತುಮಾಡಿದ್ದವಳು, ಅರಿಷಿಣ ಕುಂಕುಮ ತಂದು ಗುಂಡಿಗೆ ಹಾಕಿದಳು. ಕಾಯಿ ಒಡೆದರು. ಬಸವೇಶರು ಬೊಗಸೆಯಲ್ಲಿ ನೀರು ಹಿಡಿದು ಫೋಟೋ ತೆಗೆಸಿಕೊಂಡರು, ಒಂದು ಗುಟುಕು ಕುಡಿದರು, ಸಿಹಿನೀರು ಎಂದು ಘೋಷಿಸಿದರು. ಹಯಾತ ಕಣ್ಣಿಗೆ ಒತ್ತಿಕೊಂಡ. ಮಲ್ಲೇಶಪ್ಪ ಕಾಕಾನ ಕೈ ಹಿಡಿದುಕೊಂಡರು. ಹಿತ್ತಲಿನ ಐದುನೂರು ಅಡಿಯ ಧೂಳು ಅವರ ಮುಖದಿಂದ ಆಗ ತೊಳೆದುಹೋಯಿತು. ಕಾಕಾ ತನಗೇ ನಂಬಿಕೆ ಬರಲು ಶುರುವಾದವನಂತೆ ಮಷೀನನ್ನು ತಿರುಗಿಸಿ ತಿರುಗಿಸಿ ನೋಡಿದ.

ಗುತ್ತೆವ್ವ ಬಾಣಂತಿಯ ಹಂಡೆ ತುಂಬಲು ಅಡಿಗೆಮನೆಗೆ ಹೋದಳು. ಅಲ್ಲಿಂದ ಅವಳ ದನಿ ಬಂತು.

"ವೀರವ್ವಾ, ನಳದಾಗ ನೀರ ನಿಂತಾವಲ್ಲವಾ. ಟಾಕಿ ಖಾಲಿ ಆತೇನ ನೋಡು."

ಖೋಲಿಯಲ್ಲಿ ಗುಂಡಿಯ ನೀರು ಬುಳಬುಳ ಎನ್ನುವುದು ನಿಧಾನವಾಗಿ ಬುಳ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬುಳ್. ಆಮೇಲೆ ಏನೂ ಇಲ್ಲ.

ಗುದ್ದಲಿಯವನು ಬಗ್ಗಿ ಕೆಸರಿನಲ್ಲಿ ಕೈಯಾಡಿಸಿ ಪೈಪಿನ ತುಂಡನ್ನು ಮೇಲೆತ್ತಿ ತೋರಿಸಿದ. ಎರಡು ಪೈಪು ಕೂಡುವಲ್ಲಿ ಹಳೆಯ ಸೈಕಲ್ ಟ್ಯೂಬು ಸುತ್ತಿತ್ತು, ಅದೂ ಕೊಳೆತಿತ್ತು. ಸುತ್ತಿದವರು ಯಾರು ಎಂದು ಬಸವೇಶರು ಕೇಳಿದರು. ಮಲ್ಲೇಶಪ್ಪ ಕಾಕಾನ ಕೈ ಬಿಟ್ಟು, ಮನೆ ಕಟ್ಟುವಾಗ ಪ್ಲಂಬರು ಎರಡು ದಿನ ತಡ ಮಾಡಿದ್ದ ಎಂದು ಮಾತ್ರ ಹೇಳಿದರು.

ಜನ ಕರಗಿದ ರೀತಿ ಆಶ್ಚರ್ಯ. ಎಲ್ಲರಿಗೂ ಒಮ್ಮೆಲೇ ಮನೆಯಲ್ಲಿ ಕೆಲಸ ನೆನಪಾಯಿತು. ಬಸವೇಶರು ಆ ಫೋಟೋ ಎಲ್ಲಿಗೂ ಕಳಿಸಬೇಡ ಎಂದು ತೆಗೆದವನಿಗೆ ಹೇಳುತ್ತ ಹೋದರು. ಹಯಾತ ಮಾತ್ರ ಹೊಸ್ತಿಲಲ್ಲಿ ನಿಂತು ಯೋಚಿಸಿ, "ಆದ್ರೂ ನಮ್ಮ ತ್ವಾಟದಾಗ ಕೂಗಿದ್ದ ಖರೇ ಇರಬೇಕ," ಎಂದ.

ಒಬ್ಬ ಕಾಕಾ ಮಾತ್ರ ಗೆದ್ದ ಮುಖದಿಂದ ನಿಂತಿದ್ದ. ಕೊನೆಗೂ ಅವನಿಗೆ ತನ್ನ ವಿದ್ಯೆಯ ಮಾತು ಹೇಳುವ ಕಾಲ ಬಂದಿತ್ತು.

"ಬೂಷ್ಟಿನ ಮೂಲ ಸಿಕ್ತ ನೋಡ್ರಿ. ಇದನ್ನ ನಾ ಮುಂಜಾನಿಂದ ಹುಡಕಾಕತ್ತಿದ್ದೆ."

ವೀರವ್ವ ಗಡಿಯಾರ ನೋಡಿದರು. ಮೂರು ಗಂಟೆ ಹತ್ತು ನಿಮಿಷ. ಖೋಲಿಯ ಮೂಲೆಯಲ್ಲಿ ಗುಂಡಿ, ಗೋಡೆಯ ತುಂಬ ಕೆಸರು, ಒರಗಿದ ಬೆನ್ನುಗಳ ಗುರುತು. ಅವರು ನೆಲದ ಮೇಲೆ ಕುಳಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ಅಳಲಿಲ್ಲ. ಹಿರೇಕೆರೂರಿನ ಬೀಗರಿಗೆ ಫೋನು ಮಾಡಲು ನಂಬರು ಹುಡುಕತೊಡಗಿದರು. ಅದನ್ನು ನೋಡಲಾಗದೆ ನಾನು ಎದ್ದು, ಜೋಳದ ಚೀಲ ಇಡುವ ಒಳಖೋಲಿಯ ಬಾಗಿಲು ತೆರೆದು ತೋರಿಸಿದೆ. ಸಣ್ಣ ಖೋಲಿ, ಒಂದೇ ಕಿಡಕಿ. ಕಾಕಾ ನಾಲ್ಕೂ ಗೋಡೆಗೆ ಚುಚ್ಚಿದ. ಹನ್ನೊಂದು, ಹನ್ನೊಂದು, ಹತ್ತು, ಹನ್ನೊಂದು. ಒಂದೂ ಕಲೆ ಇರಲಿಲ್ಲ.

ಚೀಲಗಳನ್ನು ಕಾಕಾ ಮತ್ತು ಮಲ್ಲೇಶಪ್ಪ ಹೊತ್ತರು. ಆ ದಿನ ಅವರಿಬ್ಬರೂ ಮಾಡಿದ ಮೊದಲ ಉಪಯೋಗದ ಕೆಲಸ. ನಾನು ಧೂಳು ತೆಗೆದೆ, ಔಷಧಿ ಹೊಡೆದೆ, ಒರೆಸಿದೆ, ಕಿಡಕಿ ತೆರೆದು ಒಣಗಿಸಿದೆ. ನಾಲ್ಕೂವರೆಗೆ ಕಾರು ಬಂದಾಗ ಹೊರಸು ಹಾಕಿಯಾಗಿತ್ತು. ಜಯಶ್ರೀಯ ಅತ್ತೆ ಮೊದಲು ಒಳಗೆ ಬಂದು ಗೋಡೆಗಳನ್ನು ಬೆರಳಿನಿಂದ ಉಜ್ಜಿ, ಬೆರಳು ನೋಡಿಕೊಂಡರು. ಬೆರಳು ಬೆಳ್ಳಗಿತ್ತು. ಹೊರಗೆ ಹೋಗಿ ಜಯಶ್ರೀಯನ್ನು ಕಾರಿನಿಂದ ಇಳಿಸಿ, ಕೂಸನ್ನು ವೀರವ್ವನ ಕೈಗೆ ಕೊಟ್ಟರು. ಚಹಾ ಕುಡಿದು ಅದೇ ಕಾರಿನಲ್ಲಿ ಹಿರೇಕೆರೂರಿಗೆ ಹೊರಟರು. ಕೂಸು ಅಂಗೈ ಎರಡರಷ್ಟಿತ್ತು. ಉಸಿರು ತೆಗೆದುಕೊಂಡಾಗ ಒಳಗೆಲ್ಲೋ ಸಣ್ಣ ಸೀಟಿ ಊದಿದ ಹಾಗೆ ಕೇಳುತ್ತಿತ್ತು.

ಇನ್ನು ನಮ್ಮ ಕೆಲಸ ಮುಗಿಯಿತು ಎಂದುಕೊಂಡೆ. ಆದರೆ ಬಾಣಂತನ ಆಗ ಶುರುವಾಯಿತು.

ಗುತ್ತೆವ್ವ ಒಳಗೆ ಬಂದವಳೇ ಸುತ್ತ ನೋಡಿ, ಇಷ್ಟು ಗಾಳಿಯಲ್ಲಿ ಬಾಣಂತಿಯನ್ನು ಯಾರಾದರೂ ಮಲಗಿಸುತ್ತಾರೇನು, ಶೀತ ಹಿಡಿದರೆ ಯಾರು ಹೊಣೆ ಎಂದಳು. ವೀರವ್ವ ಡಾಕ್ಟರಮ್ಮನ ಚೀಟಿಯ ಮಾತು ಅರ್ಧ ಹೇಳಿದರು. ಗುತ್ತೆವ್ವ ಈ ಓಣಿಯ ಅರವತ್ತು ಕೂಸುಗಳಿಗೆ ಎರೆದವಳು; ಆ ಡಾಕ್ಟರಮ್ಮ ಎಷ್ಟು ಹಡೆದಿದ್ದಾಳೆ ಎಂದು ಕೇಳಿದಳು. ಅಲ್ಲಿಗೆ ಚೀಟಿಯ ಮಾತು ಮುಗಿಯಿತು. ಕಿಡಕಿ ಮುಚ್ಚಿದರು. ಸಂದಿಗೆ ಹಳೆಯ ಸೀರೆ ತುರುಕಿದರು, ಅದರ ಮೇಲೆ ಕೌದಿ ತೂಗುಬಿಟ್ಟರು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಬಂತು, ಕೆಂಡದ ಮೇಲೆ ಹೊಗೆಗೆಂದು ಒಂದು ಹಿಡಿ ಲೋಬಾನ ಬಿತ್ತು. ಮೂಲೆಯಲ್ಲಿ ಎರೆಯಲು ಕುದಿಯುವ ನೀರಿನ ಹಂಡೆ ಬಂತು, ಹಯಾತನ ಮನೆಯಿಂದ ಹೊತ್ತು ತಂದ ನೀರು. ಗಂಡಸರನ್ನು ಹೊರಗೆ ಹಾಕಿ ಬಾಗಿಲು ಎಳೆದುಕೊಂಡರು. ಹೊರಗೆ ಹೋಗುವಾಗ ಕಾಕಾ, ಕೊನೆಯ ಅಂಕಿ ಬರೆದುಕೊಂಡು ಬಾ ಎಂದು ಮಷೀನನ್ನು ನನ್ನ ಕೈಗೆ ಕೊಟ್ಟ.

ಹಬೆಯಲ್ಲಿ ಜಯಶ್ರೀಯ ಮುಖ ಕಾಣದಾಯಿತು. ನಾನು ಗೋಡೆಗೆ ಚುಚ್ಚಿದೆ. ಹದಿನಾಲ್ಕು. ಗುತ್ತೆವ್ವ ತಂಬಿಗೆಯಿಂದ ನೀರು ಮೊಗೆದಳು. ಹದಿನೆಂಟು. ಸುಣ್ಣದ ಮೇಲೆ ಸಣ್ಣ ಹನಿಗಳು ಮೂಡಿ, ಒಂದಕ್ಕೊಂದು ಕೂಡಿ, ಕೆಳಗೆ ಜಾರಿದವು. ಇಪ್ಪತ್ತಮೂರು. ಮಷೀನು ಕೂಗಿತು.

ಮುಚ್ಚಿದ ಬಾಗಿಲಿನ ಆಚೆಯಿಂದ ಮಲ್ಲೇಶಪ್ಪನವರ ದನಿ ಬಂತು.

"ಇಲ್ಲೂ ಅದಾವೇನ ತಂಗಿ?"

ನಾನು ಮಷೀನು ಆರಿಸಿದೆ. ಹೊಗೆಯೂ ಹಬೆಯೂ ಕೂಡಿದ ಆ ಬಿಸಿಯಲ್ಲಿ ಕೂಸಿನ ಸೀಟಿ ಈಗ ಬೇಗ ಬೇಗ ಕೇಳುತ್ತಿತ್ತು. ಬೆಳಗಿನಿಂದ ಆ ಮನೆಯಲ್ಲಿ ನಾನು ಗಟ್ಟಿಯಾಗಿ ಒಂದು ಮಾತೂ ಆಡಿರಲಿಲ್ಲ. ಗುತ್ತೆವ್ವನ ಬೆನ್ನು ನೋಡಿದೆ, ವೀರವ್ವನ ಬೆನ್ನು ನೋಡಿದೆ. ಇಬ್ಬರೂ ಕೂಸಿನ ಮೇಲೆ ಬಗ್ಗಿದ್ದರು.

"ಆಯಿ, ಆ ಕೌದಿ ಒಂದೀಟ ಸರಸ್ರಿ," ಎಂದೆ. "ಕಿಡಕಿ ತಗೀರಿ. ಕೂಸಿಗೆ ಗಾಳಿ ಬರ್ಲಿ."

ಗುತ್ತೆವ್ವ ಕೆಂಡದ ಮೇಲೆ ಇನ್ನೊಂದು ಹಿಡಿ ಲೋಬಾನ ಹಾಕಿದಳು.